ಕಲ್ಚರ್ ವರದಿಯಲ್ಲಿ ‘ರೆಸಿಸ್ಟೆಂಟ್’ ಎಂದಿದ್ದರೆ ಏನರ್ಥ? ರೋಗಿಗಳಿಗೂ ಜೊತೆಗಿರುವವರಿಗೂ ಒಂದು ಕೈಪಿಡಿ

ಅಮ್ಮನಿಗೆ ಸೊಂಟದ ಮೂಳೆಯ ಆಪರೇಷನ್ ಆಗಿ ಐದು ದಿನವಾಗಿದೆ. ಚೇತರಿಸಿಕೊಳ್ಳುತ್ತಿದ್ದಾರೆ ಎನ್ನುವಷ್ಟರಲ್ಲಿ ಚಳಿಜ್ವರ ಬಂತು. ರಕ್ತ, ಮೂತ್ರ ತೆಗೆದು ಲ್ಯಾಬ್‌ಗೆ ಕಳಿಸಿದರು. ಮೂರನೇ ದಿನ ವರದಿ ಕೈಗೆ ಬಂತು. ಅದರಲ್ಲಿ ಬಾಯಿಗೆ ಹೊರಳದ ಒಂದು ಹೆಸರು, ಕೆಳಗೆ ಹದಿನೈದಿಪ್ಪತ್ತು ಔಷಧಗಳ ಪಟ್ಟಿ, ಬಹುತೇಕ ಎಲ್ಲದರ ಮುಂದೆ ಇಂಗ್ಲಿಷಿನ ‘ಆರ್’ ಅಕ್ಷರ. ರೌಂಡ್ಸ್‌ಗೆ ಬಂದ ವೈದ್ಯರು “ರೆಸಿಸ್ಟೆಂಟ್ ಇದೆ, ಔಷಧ ಬದಲಿಸುತ್ತೇವೆ” ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ನೀವು ವರದಿಯ ಫೋಟೋ ತೆಗೆದು ಊರಿನಲ್ಲಿರುವ ಅಣ್ಣನಿಗೆ ಕಳಿಸುತ್ತೀರಿ. ಅವರಿಗೂ ಅರ್ಥವಾಗುವುದಿಲ್ಲ.

ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ವರದಿ ಇಂಗ್ಲಿಷಿನಲ್ಲಿ, ವಾರ್ಡಿನ ಮಾತು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿಯಲ್ಲಿ, ಹಾಸಿಗೆಯ ಮೇಲಿರುವ ಹಿರಿಯರಿಗೆ ಬರುವುದು ಕನ್ನಡ ಮಾತ್ರ. ನಡುವೆ ನಿಂತು ಎಲ್ಲವನ್ನೂ ತಿಳಿಸಿ ಹೇಳಬೇಕಾದವರು ನೀವು. ಈ ಲೇಖನ ಮುಖ್ಯವಾಗಿ ನಿಮಗಾಗಿ.

ಮುಖ್ಯ ಅಂಶಗಳು

• ನಿರೋಧಕತೆ ಬಂದಿರುವುದು ಬ್ಯಾಕ್ಟೀರಿಯಾಕ್ಕೆ, ರೋಗಿಯ ದೇಹಕ್ಕಲ್ಲ.
• ‘ಆರ್’ ಎಂದರೆ ಆ ಒಂದು ಔಷಧ ಆ ಒಂದು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವ ಸಾಧ್ಯತೆ ಕಡಿಮೆ ಎಂದರ್ಥ. ಚಿಕಿತ್ಸೆಯೇ ಇಲ್ಲ ಎಂದಲ್ಲ.
• ವರದಿಯಲ್ಲಿ ಬ್ಯಾಕ್ಟೀರಿಯಾ ಕಂಡ ಮಾತ್ರಕ್ಕೆ ಸೋಂಕು ಇದೆ ಎಂದಾಗುವುದಿಲ್ಲ.
• ಆಸ್ಪತ್ರೆಯಲ್ಲಿ ಇವು ಹರಡುವ ಮುಖ್ಯ ದಾರಿ ಕೈಗಳು. ನಿಮ್ಮ ಕೈಯೂ ಸೇರಿದಂತೆ.
• ಹಳೆಯ ಕಲ್ಚರ್ ವರದಿಗಳನ್ನು ಎಸೆಯಬೇಡಿ. ಮುಂದಿನ ಆಸ್ಪತ್ರೆಗೆ ಅದು ಬಹಳ ಬೇಕಾದ ಕಾಗದ.

ತಪ್ಪಾಗಿ ಅರ್ಥವಾಗುವ ಮೂರು ಪದಗಳು

ಔಷಧ ಅಂಗಡಿಯ ಕೌಂಟರ್‌ನಲ್ಲಿ ನಿಂತಾಗಲೂ, ಆರೋಗ್ಯದ ಬರಹಗಳನ್ನು ಕನ್ನಡಕ್ಕೆ ತರುವಾಗಲೂ ನನ್ನನ್ನು ಮತ್ತೆ ಮತ್ತೆ ಕಾಡಿರುವ ಮೂರು ಪದಗಳಿವೆ.

ಮೊದಲನೆಯದು ‘ರೆಸಿಸ್ಟೆನ್ಸ್’. ಕನ್ನಡದಲ್ಲಿ ‘ರೋಗನಿರೋಧಕ ಶಕ್ತಿ’ ಎಂಬ ಮಾತು ಎಲ್ಲರಿಗೂ ಗೊತ್ತು. ಅದು ದೇಹಕ್ಕೆ ಇರಬೇಕಾದ ಒಳ್ಳೆಯ ಗುಣ. ಹಾಗಾಗಿ “ಅಪ್ಪನಿಗೆ ರೆಸಿಸ್ಟೆನ್ಸ್ ಇದೆಯಂತೆ” ಎಂದಾಗ ಕೆಲವರು ಸಮಾಧಾನ ಪಡುತ್ತಾರೆ. ಇನ್ನು ಕೆಲವರು “ಅಪ್ಪನ ದೇಹ ಔಷಧಕ್ಕೆ ಒಗ್ಗಿಹೋಗಿದೆ, ಇನ್ನು ಯಾವುದೂ ನಾಟುವುದಿಲ್ಲ” ಎಂದು ಎದೆಗುಂದುತ್ತಾರೆ. ಎರಡೂ ತಪ್ಪು. ಇಲ್ಲಿ ಔಷಧವನ್ನು ತಡೆದು ನಿಂತಿರುವುದು ಬ್ಯಾಕ್ಟೀರಿಯಾ. ಅಪ್ಪನ ದೇಹಕ್ಕೂ ಔಷಧಕ್ಕೂ ಜಗಳವಿಲ್ಲ.

ಎರಡನೆಯದು ‘ಸೆನ್ಸಿಟಿವ್’. ಇದನ್ನು ಅಲರ್ಜಿ ಎಂದು ತಿಳಿದು “ಆ ಔಷಧ ಕೊಡಬೇಡಿ, ಅವರಿಗೆ ಸೆನ್ಸಿಟಿವ್” ಎನ್ನುವವರಿದ್ದಾರೆ. ಕಲ್ಚರ್ ವರದಿಯಲ್ಲಿ ಇದರ ಅರ್ಥ ಪೂರ್ತಿ ಉಲ್ಟಾ: ಬ್ಯಾಕ್ಟೀರಿಯಾ ಆ ಔಷಧಕ್ಕೆ ಮಣಿಯುತ್ತದೆ, ಅದನ್ನು ಬಳಸಬಹುದು.

ಮೂರನೆಯದು ‘ಪಾಸಿಟಿವ್’. ಕಲ್ಚರ್ ಪಾಸಿಟಿವ್ ಎಂದರೆ ಮಾದರಿಯಲ್ಲಿ ಸೂಕ್ಷ್ಮಾಣು ಬೆಳೆದಿದೆ ಎಂದಷ್ಟೇ. ಅದು ಒಳ್ಳೆಯ ಸುದ್ದಿಯಲ್ಲ, ಪೂರ್ತಿ ಕೆಟ್ಟ ಸುದ್ದಿಯೂ ಅಲ್ಲ. ಯಾವ ಸೂಕ್ಷ್ಮಾಣು ಎಂದು ಗೊತ್ತಾದರೆ ಅದಕ್ಕೆ ತಕ್ಕ ಔಷಧವನ್ನು ಆರಿಸಬಹುದು.

ಬ್ಯಾಕ್ಟೀರಿಯಾ ಔಷಧಕ್ಕೆ ಏಕೆ ಮಣಿಯುವುದಿಲ್ಲ?

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ಸಾಲದಷ್ಟು ಪ್ರಮಾಣದ ಔಷಧ ತಗುಲಿದ ಸೂಕ್ಷ್ಮಾಣುಗಳು ಸಾಯದೆ, ಅದನ್ನು ತಡೆದುಕೊಳ್ಳುವಂತಾಗುತ್ತವೆ ಎಂದಿದ್ದರು.

ಅನುಕೂಲ ಪರಿಸ್ಥಿತಿ ಸಿಕ್ಕರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಇಷ್ಟು ವೇಗದಲ್ಲಿ ಕೋಟಿಗಟ್ಟಲೆ ಮರಿಗಳು ಹುಟ್ಟುವಾಗ ಕೆಲವದರ ವಂಶವಾಹಿಯಲ್ಲಿ ಸಣ್ಣ ಬದಲಾವಣೆ ಆಗಿಯೇ ಆಗುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟಾಗ ಮಣಿಯುವವು ಸಾಯುತ್ತವೆ, ಬದಲಾದವು ಉಳಿಯುತ್ತವೆ. ಎದುರಾಳಿಗಳೇ ಇಲ್ಲದ ಜಾಗದಲ್ಲಿ ಅವೇ ತುಂಬಿಕೊಳ್ಳುತ್ತವೆ. ಹೊಲದಲ್ಲಿ ಒಂದೇ ಕಳೆನಾಶಕವನ್ನು ವರ್ಷಗಟ್ಟಲೆ ಹೊಡೆದರೆ ಕೊನೆಗೆ ಅದಕ್ಕೆ ಜಗ್ಗದ ಕಳೆಯೇ ಉಳಿಯುವ ಹಾಗೆ.

ಔಷಧದಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

• ಔಷಧವನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುವುದು. ಪೆನಿಸಿಲಿನ್ ಬಗೆಯ ಔಷಧಗಳನ್ನು ಒಡೆಯುವ ‘ಬೀಟಾ ಲ್ಯಾಕ್ಟಮೇಸ್’ಗಳು ಈ ಗುಂಪಿನವು.
• ಒಳಗೆ ಬಂದ ಔಷಧವನ್ನು ಪಂಪ್ ಮಾಡಿ ಹೊರಹಾಕುವುದು.
• ಔಷಧ ಒಳಬರುವ ರಂಧ್ರಗಳನ್ನು ಮುಚ್ಚಿಕೊಳ್ಳುವುದು.
• ಔಷಧ ಹೋಗಿ ಕೂರುವ ಜಾಗದ ಆಕಾರವನ್ನೇ ಬದಲಿಸುವುದು. ಬೀಗ ಬದಲಿಸಿದರೆ ಹಳೆಯ ಕೀಲಿ ಕೈಗೆ ಬಂದು ಏನು ಪ್ರಯೋಜನ?

ಇನ್ನೂ ಕಷ್ಟದ ಸಂಗತಿಯೆಂದರೆ, ಈ ಗುಣವನ್ನು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸಬಲ್ಲವು. ‘ಪ್ಲಾಸ್ಮಿಡ್’ ಎಂಬ ಡಿಎನ್‌ಎಯ ಸಣ್ಣ ಉಂಗುರದಲ್ಲಿ ನಿರೋಧಕತೆಯ ಮಾಹಿತಿ ಇರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಇದನ್ನು ಬೇರೆ ಜಾತಿಯದಕ್ಕೂ ಕೊಡಬಲ್ಲದು. ಒಂದೇ ಪ್ಲಾಸ್ಮಿಡ್‌ನಲ್ಲಿ ಹಲವು ಬಗೆಯ ಔಷಧಗಳ ವಿರುದ್ಧದ ಗುಣ ಒಟ್ಟಿಗೆ ಇರುವುದೂ ಉಂಟು. ನೀವು ತೆಗೆದುಕೊಂಡೇ ಇರದ ಔಷಧದ ಮುಂದೆಯೂ ವರದಿಯಲ್ಲಿ ‘ಆರ್’ ಬರುವುದಕ್ಕೆ ಇದು ಒಂದು ಕಾರಣ.

ಆಸ್ಪತ್ರೆಯಲ್ಲೇ ಏಕೆ ಹೆಚ್ಚು?

ದಾಖಲಾಗಿ 48 ಗಂಟೆಗಳ ನಂತರ ಶುರುವಾಗುವ, ದಾಖಲಾಗುವಾಗ ಇಲ್ಲದಿದ್ದ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಬಂದ ಸೋಂಕು ಎಂದು ಪರಿಗಣಿಸುತ್ತಾರೆ. ಇದಕ್ಕೆ ಮೂರು ಕಾರಣಗಳು ಕೂಡಿಬರುತ್ತವೆ.

ಒಂದು, ಅಲ್ಲಿ ಆ್ಯಂಟಿಬಯಾಟಿಕ್ ಬಳಕೆ ಹೆಚ್ಚು. ಗಟ್ಟಿ ಬ್ಯಾಕ್ಟೀರಿಯಾಗಳೇ ಉಳಿದುಕೊಳ್ಳುವುದಕ್ಕೆ ಇದು ಹೇಳಿ ಮಾಡಿಸಿದ ಜಾಗ. ಎರಡು, ರೋಗಿಗಳ ಮೈ ಸೋತಿರುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಡಯಾಲಿಸಿಸ್, ದೊಡ್ಡ ಆಪರೇಷನ್, ಇಳಿವಯಸ್ಸು ಇವೆಲ್ಲ ದೇಹದ ಕಾವಲನ್ನು ಸಡಿಲಗೊಳಿಸುತ್ತವೆ. ಮೂರು, ನಳಿಕೆಗಳು. ಮೂತ್ರದ ಕ್ಯಾತಿಟರ್, ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್, ವೆಂಟಿಲೇಟರ್‌ನ ಕೊಳವೆ ಇವು ಪ್ರಾಣ ಉಳಿಸುವ ಸಾಧನಗಳೇ. ಆದರೆ ಚರ್ಮವೆಂಬ ಕೋಟೆಗೆ ಅವು ಬಾಗಿಲನ್ನೂ ತೆರೆಯುತ್ತವೆ. ನಳಿಕೆ ಒಳಗಿರುವ ಒಂದೊಂದು ದಿನಕ್ಕೂ ಸೋಂಕಿನ ಸಾಧ್ಯತೆ ಏರುತ್ತದೆ.

ಬ್ಯಾಕ್ಟೀರಿಯಾ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೆಚ್ಚಾಗಿ ಕೈಗಳ ಮೂಲಕ, ಇಲ್ಲವೇ ಹಾಸಿಗೆಯ ಕಂಬಿ, ಮಾನಿಟರ್ ಗುಂಡಿ, ಮೊಬೈಲ್ ಫೋನ್‌ನಂಥ ಮುಟ್ಟುವ ವಸ್ತುಗಳ ಮೂಲಕ. ಅಸಿನೆಟೋಬ್ಯಾಕ್ಟರ್ ಎಂಬುದು ಒಣಗಿದ ಮೇಲ್ಮೈಗಳ ಮೇಲೆ ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಬದುಕಬಲ್ಲದು.

ವರದಿಯಲ್ಲಿ ಕಾಣುವ ಹೆಸರುಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2013ರಿಂದ ದೊಡ್ಡ ಆಸ್ಪತ್ರೆಗಳ ಜಾಲವೊಂದನ್ನು ಕಟ್ಟಿ ನಿರೋಧಕತೆಯ ಮೇಲೆ ಕಣ್ಣಿಟ್ಟಿದೆ. ಅದರ ವರದಿಗಳಲ್ಲಿ ವರ್ಷ ವರ್ಷವೂ ಮುಂದೆ ನಿಲ್ಲುವ ಹೆಸರುಗಳೇ ನಿಮ್ಮ ಕೈಯಲ್ಲಿರುವ ಕಾಗದದಲ್ಲೂ ಇರುವ ಸಾಧ್ಯತೆ ಹೆಚ್ಚು.

ಇ. ಕೋಲಿ: ಎಲ್ಲರ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ. ಮೂತ್ರನಾಳದ ಸೋಂಕಿಗೆ ಅತಿ ಸಾಮಾನ್ಯ ಕಾರಣ.

ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ: ಹೆಸರಿನಲ್ಲಿ ನ್ಯುಮೋನಿಯಾ ಇದ್ದರೂ ರಕ್ತ, ಮೂತ್ರ, ಗಾಯ ಎಲ್ಲಿ ಬೇಕಾದರೂ ಸೋಂಕು ತರಬಲ್ಲದು.

ಅಸಿನೆಟೋಬ್ಯಾಕ್ಟರ್ ಬೌಮಾನಿ: ಐಸಿಯುಗಳ ದೊಡ್ಡ ತಲೆನೋವು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಇದರ ತಳಿಗಳಲ್ಲಿ ಬಹುಪಾಲು ಕಾರ್ಬಾಪೆನಮ್ ಎಂಬ ಪ್ರಬಲ ಔಷಧಗಳಿಗೂ ಮಣಿಯುವುದಿಲ್ಲ.

ಸ್ಯೂಡೋಮೊನಾಸ್ ಎರುಜಿನೋಸಾ: ತೇವ ಇರುವಲ್ಲಿ ಬೆಳೆಯುವಂಥದ್ದು. ಸುಟ್ಟ ಗಾಯ, ವೆಂಟಿಲೇಟರ್‌ನಲ್ಲಿರುವವರ ಶ್ವಾಸಕೋಶದಲ್ಲಿ ಕಾಣುತ್ತದೆ.

ಸ್ಟ್ಯಾಫಿಲೊಕಾಕಸ್ ಆರಿಯಸ್: ಹಲವರ ಮೂಗು, ಚರ್ಮದ ಮೇಲೆ ಇರುವಂಥದ್ದು. ಇದರ ಮಣಿಯದ ತಳಿಯೇ ಎಂಆರ್‌ಎಸ್‌ಎ. ಮೆಥಿಸಿಲಿನ್ ಔಷಧ ಬಳಕೆಗೆ ಬಂದದ್ದು 1959ರಲ್ಲಿ. 1961ರಲ್ಲೇ ಬ್ರಿಟನ್‌ನಿಂದ ಇಂಥ ತಳಿ ವರದಿಯಾಯಿತು.

ಹೆಸರಿನ ಪಕ್ಕದಲ್ಲಿ ಕೆಲವು ಸಂಕ್ಷಿಪ್ತ ಪದಗಳೂ ಇರಬಹುದು. ‘ಇಎಸ್‌ಬಿಎಲ್’ ಎಂದಿದ್ದರೆ ಸೆಫ್‌ಟ್ರಯಾಕ್ಸೋನ್‌ನಂಥ ಔಷಧಗಳನ್ನು ಒಡೆಯುವ ಕಿಣ್ವ ಅದರಲ್ಲಿದೆ ಎಂದರ್ಥ. ಇಂಥ ಗಂಭೀರ ಸೋಂಕಿಗೆ ಸಾಮಾನ್ಯವಾಗಿ ಮೆರೊಪೆನಮ್‌ನಂಥ ಕಾರ್ಬಾಪೆನಮ್ ಬಳಸುತ್ತಾರೆ. ‘ಸಿಆರ್‌ಇ’ ಎಂದಿದ್ದರೆ ಕರುಳಿನ ಗುಂಪಿನ ಬ್ಯಾಕ್ಟೀರಿಯಾ ಆ ಕಾರ್ಬಾಪೆನಮ್‌ಗೂ ಮಣಿಯುತ್ತಿಲ್ಲ ಎಂದರ್ಥ.

‘ಎನ್‌ಡಿಎಂ’ ಎಂಬುದಕ್ಕೆ ನಮ್ಮ ದೇಶದ ನಂಟಿದೆ. 2008ರಲ್ಲಿ ಸ್ವೀಡನ್‌ನಲ್ಲಿ ಒಬ್ಬ ರೋಗಿಯ ಮೂತ್ರದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ ಕಾರ್ಬಾಪೆನಮ್ ಒಡೆಯುವ ಹೊಸ ಕಿಣ್ವ ಕಂಡುಬಂತು. ಆ ರೋಗಿ ಅದಕ್ಕೂ ಮೊದಲು ನವದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರು. ಹಾಗಾಗಿ ಕಿಣ್ವಕ್ಕೆ ನವದೆಹಲಿಯ ಹೆಸರೇ ಬಂತು. ಹೆಸರಿನ ಬಗ್ಗೆ ಭಾರತದಿಂದ ಆಕ್ಷೇಪಣೆಯೂ ಎದ್ದಿತು. 2010ರಲ್ಲಿ ಪ್ರಕಟವಾದ ಅಧ್ಯಯನ ಚೆನ್ನೈ, ಹರಿಯಾಣ ಮತ್ತು ಬ್ರಿಟನ್‌ನ ರೋಗಿಗಳಲ್ಲಿ ಇದನ್ನು ಗುರುತಿಸಿತು. ಇಂದು ಎಷ್ಟೋ ದೇಶಗಳಲ್ಲಿ ಇದು ಇದೆ. ರೋಗಿ ಪ್ರಯಾಣ ಮಾಡಿದರೆ ಬ್ಯಾಕ್ಟೀರಿಯಾವೂ ಜೊತೆಗೆ ಪ್ರಯಾಣ ಮಾಡುತ್ತದೆ. ವಿಜಯಪುರದಿಂದ ಸೊಲ್ಲಾಪುರಕ್ಕೆ, ಬೆಳಗಾವಿಯಿಂದ ಪುಣೆಗೆ, ಕಲಬುರಗಿಯಿಂದ ಹೈದರಾಬಾದಿಗೆ ರೋಗಿಯನ್ನು ಕರೆದೊಯ್ಯುವ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ವರದಿಯನ್ನು ಓದುವುದು ಹೇಗೆ?

ಮೊದಲು ಮಾದರಿ ಯಾವುದು, ಯಾವತ್ತು ತೆಗೆದದ್ದು ನೋಡಿ. ರಕ್ತ, ಮೂತ್ರ, ಕಫ, ಕೀವು ಇವುಗಳಲ್ಲಿ ಒಂದೊಂದರ ತೂಕ ಒಂದೊಂದು. ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆದಿದ್ದರೆ ಅದು ಗಂಭೀರ. ವೆಂಟಿಲೇಟರ್ ಕೊಳವೆಯಿಂದ ತೆಗೆದ ಕಫದಲ್ಲಿ ಅದೇ ಬೆಳೆದಿದ್ದರೆ, ಅದು ಸೋಂಕೋ ಅಲ್ಲವೋ ಎಂದು ವೈದ್ಯರು ಯೋಚಿಸಬೇಕಾಗುತ್ತದೆ.

ವರದಿ ಬರಲು ಸಮಯ ಬೇಕು. ಬ್ಯಾಕ್ಟೀರಿಯಾ ಬೆಳೆಯಲು ಒಂದೆರಡು ದಿನ, ಯಾವ ಔಷಧಕ್ಕೆ ಮಣಿಯುತ್ತದೆ ಎಂದು ನೋಡಲು ಇನ್ನೊಂದು ದಿನ. ರೋಗಿಯ ಸ್ಥಿತಿ ಗಂಭೀರವಿದ್ದರೆ ಅಷ್ಟು ಕಾಯಲಾಗದು. ಆದ್ದರಿಂದ ಮಾದರಿ ತೆಗೆದ ಕೂಡಲೇ, ಆ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕಾಣುವ ಬ್ಯಾಕ್ಟೀರಿಯಾಗಳ ಲೆಕ್ಕದಲ್ಲಿ ಒಂದು ಔಷಧ ಶುರುಮಾಡುತ್ತಾರೆ. ವರದಿ ಬಂದ ಮೇಲೆ ಬದಲಿಸುತ್ತಾರೆ. “ಮೂರು ದಿನ ತಪ್ಪು ಔಷಧ ಕೊಟ್ಟರು” ಎಂದು ತೀರ್ಮಾನಿಸುವ ಮೊದಲು ಇದು ನೆನಪಿರಲಿ.

ಮಾದರಿಯನ್ನು ಆ್ಯಂಟಿಬಯಾಟಿಕ್ ಕೊಡುವ ಮೊದಲೇ ತೆಗೆಯುವುದು ಉತ್ತಮ. ಮನೆಯಲ್ಲಿ ಅಂಗಡಿಯಿಂದ ತಂದ ಎರಡು ಡೋಸ್ ನುಂಗಿಸಿ ಆಸ್ಪತ್ರೆಗೆ ಬಂದಿದ್ದರೆ, ಸೋಂಕಿದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಹಾಗೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ಖಾಲಿ ಸ್ಟ್ರಿಪ್ ತಂದು ತೋರಿಸಿ.

ಈಗ ಅಕ್ಷರಗಳು:

‘ಎಸ್’ ಎಂದರೆ ಮಣಿಯುತ್ತದೆ. ಸರಿಯಾದ ಡೋಸ್‌ನಲ್ಲಿ ಔಷಧ ಕೆಲಸ ಮಾಡುವ ಸಾಧ್ಯತೆ ಹೆಚ್ಚು.

‘ಐ’ ಎಂದರೆ ನಡುವಿನದು. ಹೆಚ್ಚಿನ ಡೋಸ್ ಕೊಟ್ಟಾಗ ಅಥವಾ ಔಷಧ ಹೆಚ್ಚು ಸೇರುವ ಜಾಗದಲ್ಲಿ ಸೋಂಕಿದ್ದಾಗ ಕೆಲಸ ಮಾಡಬಹುದು. ಕಾಲಿಸ್ಟಿನ್ ಎಂಬ ಔಷಧದ ಮುಂದೆ ‘ಐ’ ಇದ್ದರೆ ಗಾಬರಿಯಾಗಬೇಡಿ. ಹಲವು ಲ್ಯಾಬ್‌ಗಳು ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಕಾಲಿಸ್ಟಿನ್‌ಗೆ ‘ಎಸ್’ ಎಂಬ ವರ್ಗವನ್ನೇ ತೆಗೆದಿದ್ದಾರೆ. ಅಲ್ಲಿರುವುದು ‘ಐ’ ಅಥವಾ ‘ಆರ್’ ಮಾತ್ರ.

‘ಆರ್’ ಎಂದರೆ ಮಣಿಯುವುದಿಲ್ಲ.

ಅಕ್ಷರಗಳ ಪಕ್ಕದಲ್ಲಿ ‘ಎಂಐಸಿ’ ಎಂಬ ಅಂಕಣ ಇರಬಹುದು. ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾದ ಔಷಧದ ಅತಿ ಕಡಿಮೆ ಪ್ರಮಾಣ ಅದು. ಇಲ್ಲಿ ಬಹಳ ಜನ ಎಡವುತ್ತಾರೆ. ಒಂದು ಔಷಧಕ್ಕೆ 0.5, ಇನ್ನೊಂದಕ್ಕೆ 4 ಎಂದಿದ್ದರೆ 0.5 ಇರುವುದೇ ಒಳ್ಳೆಯದು ಎಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಔಷಧಕ್ಕೂ ಅದರದೇ ಮಿತಿ ಇದೆ. ಎರಡು ಔಷಧಗಳ ಎಂಐಸಿಯನ್ನು ಒಂದಕ್ಕೊಂದು ಹೋಲಿಸಬಾರದು. ‘ಎಸ್’ ಇರುವ ಐದು ಔಷಧಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ಸೋಂಕು ಎಲ್ಲಿದೆ, ಕಿಡ್ನಿ ಹೇಗಿದೆ, ಅಲರ್ಜಿ ಇದೆಯೇ ಎಂಬುದೂ ಸೇರುತ್ತದೆ. ಉದಾಹರಣೆಗೆ, ಬರಿಯ ಮೂತ್ರಕೋಶದ ಸೋಂಕಿಗೆ ಒಪ್ಪುವ ನೈಟ್ರೋಫ್ಯುರಾಂಟೊಯಿನ್ ರಕ್ತದ ಸೋಂಕಿಗೆ ಪ್ರಯೋಜನವಿಲ್ಲ, ವರದಿಯಲ್ಲಿ ‘ಎಸ್’ ಇದ್ದರೂ.

ಕೆಲವು ‘ಆರ್’ಗಳು ಹುಟ್ಟಿನಿಂದಲೇ ಬಂದವು. ಕ್ಲೆಬ್ಸಿಯೆಲ್ಲಾ ಯಾವತ್ತೂ ಆಂಪಿಸಿಲಿನ್‌ಗೆ ಮಣಿದಿಲ್ಲ. ಆದ್ದರಿಂದ ‘ಆರ್’ಗಳನ್ನು ಎಣಿಸಿ ಹೆದರುವುದರಲ್ಲಿ ಅರ್ಥವಿಲ್ಲ. ಬಳಸಬಹುದಾದ ಔಷಧ ಯಾವುದು ಉಳಿದಿದೆ ಎಂಬುದನ್ನು ಕೇಳಿ.

ಬ್ಯಾಕ್ಟೀರಿಯಾ ಇದೆ, ಆದರೆ ಸೋಂಕಿಲ್ಲ: ಹೀಗೂ ಉಂಟೇ?

ಉಂಟು. ಚರ್ಮ, ಮೂಗು, ಕರುಳಿನಲ್ಲಿ ಮಣಿಯದ ಬ್ಯಾಕ್ಟೀರಿಯಾ ಸುಮ್ಮನೆ ನೆಲೆಸಿರಬಹುದು. ಇದನ್ನು ವೈದ್ಯರು ‘ಕಾಲೊನೈಸೇಷನ್’ ಎನ್ನುತ್ತಾರೆ. ಬಾಡಿಗೆಗೆ ಬಂದು ಕೂತಿದೆ, ಗಲಾಟೆ ಮಾಡುತ್ತಿಲ್ಲ ಎಂದುಕೊಳ್ಳಿ. ಜ್ವರ, ಉರಿ, ನೋವು ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಇದಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ಕೊಟ್ಟರೆ ಇನ್ನಷ್ಟು ಗಟ್ಟಿಯಾದವು ಉಳಿಯುತ್ತವೆ.

ಇದು ಹೆಚ್ಚಾಗಿ ಎದುರಾಗುವುದು ಮೂತ್ರದ ಕ್ಯಾತಿಟರ್ ಇರುವವರಲ್ಲಿ. ದಿನಗಟ್ಟಲೆ ಕ್ಯಾತಿಟರ್ ಇದ್ದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವುದು ಬಹುತೇಕ ಖಚಿತ. ಮೂತ್ರ ಕದಡಿದೆ, ವಾಸನೆ ಬರುತ್ತಿದೆ ಎಂಬುದಷ್ಟೇ ಚಿಕಿತ್ಸೆಗೆ ಕಾರಣವಾಗದು. ಗರ್ಭಿಣಿಯರು ಮತ್ತು ಮೂತ್ರನಾಳದ ಆಪರೇಷನ್‌ಗೆ ಸಿದ್ಧವಾಗುತ್ತಿರುವವರ ವಿಷಯ ಬೇರೆ. ಅವರಿಗೆ ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಬೇಕಾಗಬಹುದು.

ಆದ್ದರಿಂದ “ವರದಿ ಪಾಸಿಟಿವ್ ಇದ್ದರೂ ಔಷಧ ಕೊಡುತ್ತಿಲ್ಲ” ಎಂದು ಸಿಟ್ಟಾಗುವ ಮೊದಲು “ಇದು ಸೋಂಕೋ, ಕಾಲೊನೈಸೇಷನ್ನೋ?” ಎಂದು ಕೇಳಿ.

ಚಿಕಿತ್ಸೆಯಲ್ಲಿ ಏನಾಗುತ್ತದೆ?

ಮಣಿಯದ ಬ್ಯಾಕ್ಟೀರಿಯಾದ ಸೋಂಕಿನ ಚಿಕಿತ್ಸೆ ಎಂದರೆ ಬರಿಯ ಔಷಧವಲ್ಲ. ಕೀವು ತುಂಬಿದ್ದರೆ ಹೊರತೆಗೆಯಬೇಕು. ಸೋಂಕಿದ ಸೆಂಟ್ರಲ್ ಲೈನ್ ತೆಗೆಯಬೇಕು, ಕ್ಯಾತಿಟರ್ ಬದಲಿಸಬೇಕು ಅಥವಾ ತೆಗೆಯಬೇಕು. ಮೂಲ ಹಾಗೇ ಉಳಿದರೆ ಎಷ್ಟು ದುಬಾರಿ ಇಂಜೆಕ್ಷನ್ ಕೊಟ್ಟರೂ ಜ್ವರ ಮರುಕಳಿಸುತ್ತದೆ.

ಔಷಧದ ವಿಷಯದಲ್ಲಿ ಕೆಲವು ಹೆಸರುಗಳನ್ನು ಬಿಲ್ಲಿನಲ್ಲಿ ನೋಡುತ್ತೀರಿ. ಕಾಲಿಸ್ಟಿನ್ ಮತ್ತು ಪಾಲಿಮಿಕ್ಸಿನ್ ಬಿ ಹಳೆಯ ಔಷಧಗಳು. ಕಿಡ್ನಿಗೆ ತೊಂದರೆ ಕೊಡುತ್ತವೆ ಎಂದು ಹಿಂದೆ ಬದಿಗಿಟ್ಟಿದ್ದರು. ಬೇರೆ ದಾರಿ ಇಲ್ಲದೆ ಮತ್ತೆ ಬಳಕೆಗೆ ಬಂದಿವೆ. ಇವನ್ನು ಕೊಡುವಾಗ ಕ್ರಿಯಾಟಿನಿನ್ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುವುದು ಇದೇ ಕಾರಣಕ್ಕೆ. ಸೆಫ್‌ಟಾಜಿಡಿಮ್-ಅವಿಬ್ಯಾಕ್ಟಮ್ ಹೊಸದು. ಅದು ಎನ್‌ಡಿಎಂ ಇರುವ ಬ್ಯಾಕ್ಟೀರಿಯಾದ ಮೇಲೆ ಒಂಟಿಯಾಗಿ ಕೆಲಸ ಮಾಡದು. ಆಗ ಅದರ ಜೊತೆ ಆಜ್‌ಟ್ರಿಯೊನಮ್ ಸೇರಿಸುತ್ತಾರೆ. ಎರಡು ಇಂಜೆಕ್ಷನ್ ಏಕೆ ಎಂಬ ಪ್ರಶ್ನೆಗೆ ಉತ್ತರ ಇದು.

ಜೊತೆಗಿರುವವರಾಗಿ ನೀವು ಕಡ್ಡಾಯವಾಗಿ ಹೇಳಬೇಕಾದ ಕೆಲವು ಸಂಗತಿಗಳಿವೆ. ರೋಗಿಗೆ ಪೆನಿಸಿಲಿನ್ ಅಲರ್ಜಿ ಆಗಿತ್ತೇ? ಆಗ ಏನಾಗಿತ್ತು? ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಮೆರೊಪೆನಮ್ ಕೊಟ್ಟಾಗ ರಕ್ತದಲ್ಲಿ ವಾಲ್‌ಪ್ರೊಯೇಟ್ ಪ್ರಮಾಣ ತೀರಾ ಇಳಿದು ಫಿಟ್ಸ್ ಮರಳಿ ಬರಬಹುದು. ಖಿನ್ನತೆಗೆ ಮಾತ್ರೆ ಇದೆಯೇ? ಎಂಆರ್‌ಎಸ್‌ಎಗೆ ಕೊಡುವ ಲಿನೆಜೊಲಿಡ್ ಕೆಲವು ಖಿನ್ನತೆಯ ಔಷಧಗಳೊಡನೆ ಸೇರಿದರೆ ಅಪಾಯವಿದೆ. ಊರಿನಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿ ತಂದು ತೋರಿಸಿ.

ವೈದ್ಯರನ್ನು ಏನು ಕೇಳಬೇಕು?

ರೌಂಡ್ಸ್ ಸಮಯ ಕಡಿಮೆ. ಈ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿರಿ.

1. ಸೋಂಕು ದೇಹದ ಯಾವ ಭಾಗದಲ್ಲಿದೆ?
2. ಯಾವ ಬ್ಯಾಕ್ಟೀರಿಯಾ? ಇದು ಸೋಂಕೋ, ಕಾಲೊನೈಸೇಷನ್ನೋ?
3. ವರದಿ ನೋಡಿದ ಮೇಲೆ ಔಷಧ ಬದಲಾಗಿದೆಯೇ? ಕಡಿಮೆ ಮಾಡಬಹುದಾದದ್ದು ಇದೆಯೇ?
4. ಎಷ್ಟು ದಿನ ಕೊಡಬೇಕು?
5. ಕಿಡ್ನಿ, ಲಿವರ್ ಪರೀಕ್ಷೆ ಯಾವಾಗ?
6. ಕ್ಯಾತಿಟರ್, ಸೆಂಟ್ರಲ್ ಲೈನ್ ಇವತ್ತೂ ಬೇಕೇ?
7. ಸೋಂಕು ತಜ್ಞರು ಅಥವಾ ಮೈಕ್ರೊಬಯಾಲಜಿ ವಿಭಾಗದವರ ಅಭಿಪ್ರಾಯ ಕೇಳಿದ್ದೀರಾ?

ಆರನೆಯ ಪ್ರಶ್ನೆಯನ್ನು ಪ್ರತಿದಿನ ಕೇಳಿ. ಇದರಲ್ಲಿ ಸಂಕೋಚವೇನಿಲ್ಲ. ಬೇಡವಾದ ನಳಿಕೆಯನ್ನು ಒಂದು ದಿನ ಮೊದಲೇ ತೆಗೆಸುವುದು ಅನೇಕ ಔಷಧಗಳಿಗಿಂತ ಮೇಲು.

ಹಾಸಿಗೆಯ ಪಕ್ಕದಲ್ಲಿ ನೀವು ಮಾಡಬಹುದಾದದ್ದು

• ರೋಗಿಯನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ನಂತರ ಕೈ ಶುಚಿಮಾಡಿಕೊಳ್ಳಿ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್ ಉಜ್ಜಬೇಕು. ಸೋಪು ನೀರಾದರೆ ತೊಳೆದು ಒರೆಸುವವರೆಗೆ 40ರಿಂದ 60 ಸೆಕೆಂಡ್ ಬೇಕು. ಕೈಗೆ ಕೊಳೆ ಅಂಟಿದ್ದರೆ ಅಥವಾ ರೋಗಿಗೆ ಭೇದಿ ಇದ್ದರೆ ಸೋಪು ನೀರೇ ಬೇಕು.
• “ಸಿಸ್ಟರ್, ಕೈಗೆ ಸ್ಯಾನಿಟೈಸರ್ ಹಾಕಿಕೊಂಡಿರಾ?” ಎಂದು ಮೆಲ್ಲಗೆ ಕೇಳಬಹುದು. ಮೊದಲು ನೀವು ಹಾಕಿಕೊಂಡು, ಬಾಟಲಿಯನ್ನು ಅವರತ್ತ ಚಾಚಿದರೆ ಮಾತೇ ಬೇಕಾಗುವುದಿಲ್ಲ.
• ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ರೋಗಿಯನ್ನು ಸ್ಟ್ರೆಚರ್‌ಗೆ ಬದಲಿಸುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡಬೇಡಿ.
• ಡ್ರಿಪ್ ಹಾಕಿದ ಜಾಗ ಕೆಂಪಾಗಿದ್ದರೆ, ಬಾತಿದ್ದರೆ, ಪಟ್ಟಿ ಒದ್ದೆಯಾಗಿದ್ದರೆ ಕೂಡಲೇ ತಿಳಿಸಿ. ನೀವೇ ಬಿಚ್ಚಬೇಡಿ.
• ರೋಗಿಯ ಹಾಸಿಗೆಯ ಮೇಲೆ ಕೂರಬೇಡಿ. ಪಕ್ಕದ ರೋಗಿಗೆ ಸಹಾಯ ಮಾಡಲು ಹೋದರೆ ನಡುವೆ ಕೈ ತೊಳೆಯಿರಿ.
• ಊರಿನಿಂದ ನೋಡಲು ಬರುವವರ ಸಂಖ್ಯೆ ಮಿತಿಯಲ್ಲಿರಲಿ. ಪ್ರೀತಿಯಿಂದ ಬರುವವರನ್ನು ತಡೆಯುವುದು ಕಷ್ಟ, ಆದರೆ ಐಸಿಯು ವಿಷಯದಲ್ಲಿ ಇದು ಬೇಕು.

ರೋಗಿಯನ್ನು ಬೇರೆ ಕೋಣೆಗೆ ಸೇರಿಸಿ, ಗೌನ್, ಗ್ಲೌಸ್ ಹಾಕಿಕೊಂಡು ಒಳಗೆ ಹೋಗಿ ಎಂದರೆ ಅದು ಶಿಕ್ಷೆಯಲ್ಲ, ಮಡಿ-ಮೈಲಿಗೆಯೂ ಅಲ್ಲ. ಬೇರೆ ರೋಗಿಗಳಿಗೆ ದಾಟದಂತೆ ಕಟ್ಟಿದ ಬೇಲಿ. ಹಿರಿಯರಿಗೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಇಲ್ಲದಿದ್ದರೆ ತಮ್ಮನ್ನು ದೂರ ಇಟ್ಟಿದ್ದಾರೆ ಎಂದು ಅವರು ಒಳಗೇ ಕೊರಗುತ್ತಾರೆ.

ಮನೆಗೆ ಬಂದ ಮೇಲೆ

ಆರೋಗ್ಯವಂತ ಮನೆಮಂದಿಗೆ ಅಪಾಯ ಕಡಿಮೆ. ತಟ್ಟೆ, ಲೋಟ ಬೇರೆ ಇಡಬೇಕಿಲ್ಲ. ಎಂದಿನಂತೆ ತೊಳೆದರೆ ಸಾಕು. ಅಪ್ಪಿಕೊಳ್ಳಬಹುದು, ಜೊತೆಗೆ ಊಟ ಮಾಡಬಹುದು. ಶೌಚಾಲಯ ಬಳಸಿದ ನಂತರ, ಅಡುಗೆಗೆ ಮೊದಲು, ಗಾಯ ಅಥವಾ ಕ್ಯಾತಿಟರ್ ಮುಟ್ಟುವ ಮೊದಲು ಮತ್ತು ನಂತರ ಕೈ ತೊಳೆಯಿರಿ. ಕೊಳೆಯಾದ ಬಟ್ಟೆಯನ್ನು ಬೇರೆಯಾಗಿ ಒಗೆದು ಬಿಸಿಲಿಗೆ ಒಣಹಾಕಿ. ಮನೆಯಲ್ಲಿ ಎಳೆಗೂಸು, ಕೀಮೋ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು ಇದ್ದರೆ ವೈದ್ಯರ ಸಲಹೆ ಕೇಳಿ.

ಮಣಿಯದ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಆದ್ದರಿಂದ ಡಿಸ್ಚಾರ್ಜ್ ಸಮ್ಮರಿಯ ಜೊತೆ ಕಲ್ಚರ್ ವರದಿಗಳ ಪ್ರತಿಯನ್ನೂ ಕೇಳಿ ಪಡೆಯಿರಿ. ಫೋನಿನಲ್ಲೂ ಫೋಟೋ ಇರಲಿ. ಮುಂದೆ ಊರಿನ ಆಸ್ಪತ್ರೆಗೆ ಹೋದರೂ, ನಗರದ ಇನ್ನೊಂದು ಆಸ್ಪತ್ರೆಗೆ ಹೋದರೂ ದಾಖಲಾಗುವ ಹೊತ್ತಿಗೇ “ಇಂಥ ತಿಂಗಳು ಇಂಥ ಬ್ಯಾಕ್ಟೀರಿಯಾ ಸಿಕ್ಕಿತ್ತು” ಎಂದು ಹೇಳಿ. ಮೊದಲ ದಿನವೇ ಸರಿಯಾದ ಔಷಧ ಆರಿಸಲು ಇದು ನೆರವಾಗುತ್ತದೆ. ಅಲ್ಲಿನ ಬೇರೆ ರೋಗಿಗಳ ರಕ್ಷಣೆಯೂ ಆಗುತ್ತದೆ.

ಔಷಧ ಅಂಗಡಿಯಲ್ಲಿ

ಆಸ್ಪತ್ರೆಯ ಬ್ಯಾಕ್ಟೀರಿಯಾಕ್ಕೂ ಮನೆಯ ಮಾತ್ರೆ ಡಬ್ಬಿಗೂ ಸಂಬಂಧವಿದೆ. ನೆಗಡಿ, ವೈರಲ್ ಜ್ವರಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಆದರೆ ಹಾಗೆ ನುಂಗಿದ ಪ್ರತಿ ಮಾತ್ರೆಯೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೋಸುತ್ತದೆ. ಅದೇ ಕರುಳನ್ನು ಹೊತ್ತು ನಾಳೆ ನಾವು ಆಪರೇಷನ್‌ಗೆ ದಾಖಲಾಗುತ್ತೇವೆ.

ಸ್ಟ್ರಿಪ್ ಮೇಲೆ ಉದ್ದನೆಯ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಳ್ಳಬಾರದು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಈ ಗುರುತಿನ ಬಗ್ಗೆ ಪ್ರಚಾರ ಆರಂಭಿಸಿತು. ಇನ್ನು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ‘ಶೆಡ್ಯೂಲ್ ಎಚ್1’ ನಿಯಮದ ಪ್ರಕಾರ, ಅದರ ಪಟ್ಟಿಯಲ್ಲಿರುವ ಔಷಧಗಳನ್ನು ಮಾರುವಾಗ ರೋಗಿಯ ಹೆಸರು, ವೈದ್ಯರ ಹೆಸರು, ಔಷಧದ ಪ್ರಮಾಣವನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಿಮ್ಮ ಹೆಸರು ಕೇಳಿದರೆ ಬೇಸರಿಸಬೇಡಿ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದವರು ನಿಮ್ಮ ಹಿತವನ್ನೇ ನೋಡುತ್ತಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ: ಸಾಮಾನ್ಯವಾಗಿ ಮೊದಲು ಬಳಸುವಂಥವು, ಎಚ್ಚರದಿಂದ ಬಳಸುವಂಥವು, ಕೊನೆಯ ಅಸ್ತ್ರವಾಗಿ ಕಾಪಿಡುವಂಥವು. ಅಮಾಕ್ಸಿಸಿಲಿನ್ ಮೊದಲ ಗುಂಪಿನದು. ಗಂಟಲು ನೋವಿಗೆಲ್ಲ ಕೇಳಿ ಪಡೆಯುವ ಅಜಿಥ್ರೋಮೈಸಿನ್, ಸೆಫಿಕ್ಸಿಮ್ ಎರಡನೆಯ ಗುಂಪಿನವು. ಕಾಲಿಸ್ಟಿನ್, ಲಿನೆಜೊಲಿಡ್ ಮೂರನೆಯ ಗುಂಪಿನವು.

ಸಾಮಾನ್ಯ ಪ್ರಶ್ನೆಗಳು

‘ಆರ್’ ಹೆಚ್ಚಿದ್ದರೆ ರೋಗಿ ಉಳಿಯುವುದಿಲ್ಲವೇ?
ಹಾಗೇನಿಲ್ಲ. ಗಂಭೀರ ಸೋಂಕಿನಲ್ಲಿ ಅಪಾಯ ಹೆಚ್ಚು ಎಂಬುದು ನಿಜ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾದ ಔಷಧ ನಿರೋಧಕತೆಯೇ ನೇರ ಕಾರಣ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೆ ನಿಮ್ಮ ರೋಗಿಯ ಚೇತರಿಕೆ ಸೋಂಕು ಎಲ್ಲಿದೆ, ಎಷ್ಟು ಬೇಗ ಗುರುತಿಸಿದರು, ಬೇರೆ ಕಾಯಿಲೆಗಳೇನು ಎಂಬುದನ್ನೂ ಅವಲಂಬಿಸಿದೆ.

ಜ್ವರ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸಬಹುದೇ?
ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಮುಂದುವರಿಸಲೂಬೇಡಿ. ಇಂದು ಅನೇಕ ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನಗಳ ಕೋರ್ಸ್ ಸಾಕು. ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಉಳಿದ ಮಾತ್ರೆಯನ್ನು ಇಟ್ಟುಕೊಳ್ಳಬಹುದೇ?
ಬೇಡ. ಮುಂದಿನ ಸಲದ ಜ್ವರ ಬೇರೆ ಕಾರಣದ್ದಾಗಿರಬಹುದು. ಇನ್ನೊಬ್ಬರಿಗೂ ಕೊಡಬೇಡಿ.

ಯಾವಾಗ ತಡಮಾಡಬಾರದು?

ಆಸ್ಪತ್ರೆಯಿಂದ ಬಂದವರಲ್ಲಿ ಚಳಿಜ್ವರ ಅಥವಾ ಮೈ ತೀರಾ ತಣ್ಣಗಾಗುವುದು, ಉಸಿರಾಟ ವೇಗವಾಗುವುದು, ಮಾತು ತೊದಲುವುದು ಅಥವಾ ಗೊಂದಲ, ವಿಪರೀತ ನಿದ್ದೆಗಣ್ಣು, ಮೂತ್ರ ಕಡಿಮೆಯಾಗುವುದು, ಗಾಯದಿಂದ ಕೀವು ಇವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಳಿವಯಸ್ಸಿನವರಲ್ಲಿ ಜ್ವರವೇ ಇಲ್ಲದೆ ಬರಿಯ ಗೊಂದಲ ಕಾಣಿಸಬಹುದು. ಹೊರಡುವಾಗ ಹಳೆಯ ಕಲ್ಚರ್ ವರದಿಯನ್ನು ಕೈಚೀಲಕ್ಕೆ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ಔಷಧ ಆರಂಭಿಸುವುದು, ಬದಲಿಸುವುದು, ನಿಲ್ಲಿಸುವುದು ನಿಮ್ಮ ವೈದ್ಯರ ಸಲಹೆಯಂತೆಯೇ ಆಗಬೇಕು.